ಅಕ್ಕನ ಕಡೆಯ ಗೋಡೆ

ಜೂನ್ ೩

ಮಹಾಮೌನಿ ಇಲಿಮರಿಗೆ,

ಮಾತು ಬಿಟ್ಟೆಯಲ್ಲ ತಂಗಿ, ಭೇಷ್! ಅಪ್ಪ ಬಿಟ್ಟು ಹೋದ ಒಂದೇ ಮನೆ, ಒಂದೇ ಉದ್ದನೆಯ ಹಜಾರ. ಆ ತುದಿಗೆ ನಿನ್ನ ಬಾಗಿಲು, ಈ ತುದಿಗೆ ನನ್ನದು. ನಟ್ಟನಡುವೆ ನಿನ್ನ ಮೇಸ್ತ್ರಿ ನಿಲ್ಲಿಸಿ ಹೋದ ತಗಡಿನ ಪಟ್ಟಿಗಳ ಅಸ್ಥಿಪಂಜರ. ಅದರ ಸಂದಿಯಲ್ಲಿ ನೀನು ತಲೆ ಬಾಚುವುದು ನನಗೆ ಕಾಣುತ್ತದೆ, ನಾನು ಹಲ್ಲುಜ್ಜುವುದು ನಿನಗೆ ಕಾಣುತ್ತದೆ. ಆದರೂ ನಾನು ಮೆಟ್ಟಿಲ ಕಡೆಯಿಂದ ಸುತ್ತಿ ಬಂದು ನಿನ್ನ ಬಾಗಿಲ ಕೆಳಗೆ ಕಾಗದ ತೂರಬೇಕು! ನಲವತ್ತು ವರ್ಷ ಬಣ್ಣ ಹಚ್ಚಿದ್ದೇನೆ, ಇಂಥ ಸೀನು ಯಾವ ನಾಟಕ ಕಂಪನಿಯಲ್ಲೂ ಆಡಿಲ್ಲ.

ತಪ್ಪು ನನ್ನದೇ, ಒಪ್ಪಿದೆ. ಕಂಪನಿ ಮುಚ್ಚಿತು, ಪೆಟ್ಟಿಗೆ ಹೊತ್ತುಕೊಂಡು ಬಂದೆ. ನೀನು ಆಸ್ಪತ್ರೆಯ ರಕ್ತ ಪರೀಕ್ಷೆ ಕೋಣೆಯಲ್ಲಿ ರಾತ್ರಿಯೆಲ್ಲ ದುಡಿದು ಬೆಳಗ್ಗೆ ಬಂದು ಮಲಗುವವಳು. ನಾನು ಬೆಳಗಾದರೆ ಗಂಟಲು ಬಿಚ್ಚುವವಳು. ಏನು ಮಾಡಲಿ, ನಲವತ್ತು ವರ್ಷ ಕೊನೇ ಬೆಂಚಿನವನಿಗೂ ಕೇಳಿಸಲಿ ಅಂತ ಬೆಳೆಸಿದ ಗಂಟಲು. ಪಿಸುಗುಟ್ಟು ಅಂದರೆ ಪಿಸುಗುಟ್ಟೀತೇ?

ಆದರೆ ನೀನು ಅವತ್ತು ಅಂದೆಯಲ್ಲ, "ಆ ನಿನ್ನ ಗಂಟಲು ಯಾವತ್ತು ಕಟ್ಟುತ್ತೋ ಅವತ್ತೇ ನನಗೆ ನಿದ್ದೆ" ಅಂತ! ಆಹಾ! ಏನು ಬಿರುಸು, ಎಂಥ ನಿಲುವು! ಸಿಟ್ಟು ಬರುವುದಕ್ಕೆ ಮೊದಲು ಚಪ್ಪಾಳೆ ತಟ್ಟೋಣ ಅನ್ನಿಸಿತು ಕಣೇ.

ಇರಲಿ. ಗೋಡೆ ಬೇಕು ಅಂದೆ, ಏಳಲಿ. ನಿನ್ನ ಕಡೆಯ ಮುಖವನ್ನು ಮೇಸ್ತ್ರಿ ಮಾಡಲಿ. ನನ್ನ ಕಡೆಯದನ್ನು ನಾನೇ ಮಾಡುತ್ತೇನೆ. ಬಟ್ಟೆ, ಅಂಟು, ಹಳೇ ಕಾಗದ ಇಷ್ಟರಲ್ಲೇ ಅರಮನೆ ಎಬ್ಬಿಸಿ, ಅದರೊಳಗೆ ರಾಣಿಯಾಗಿ ನಿಂತವಳು ನಾನು. ಜಿಪ್ಸಮ್ ಹಲಗೆ ನಾಲ್ಕು ಹೊಡೆದು ಸಂದಿಗೆ ಪುಟ್ಟಿ ಮೆತ್ತಲು ಇನ್ನೊಬ್ಬನ ಕೈ ಬೇಕೇ? ಛೇ!

ಇಂತು,
ದೇಶಾಂತರ ಶಿಕ್ಷೆಗೊಳಗಾದ ನಿನ್ನ ಅಕ್ಕ


ಜೂನ್ ೫

ಅಕ್ಕಾ,

ಕಾಗದ ಸಿಕ್ಕಿತು. ದಯವಿಟ್ಟು ಸಣ್ಣದಾಗಿ ಬರಿ. ಓದುವಷ್ಟರಲ್ಲಿ ಅರ್ಧ ನಿದ್ದೆ ಹೋಯಿತು.

ಮೇಸ್ತ್ರಿಗೆ ನಿನ್ನ ತೀರ್ಮಾನ ಹೇಳಿದೆ. ಅವರು ತಲೆ ಕೆರೆದುಕೊಂಡು, "ಅಮ್ಮಾ, ಗೋಡೆ ಒಂದೇ ಅಲ್ವಾ? ಆಚೆ ಮುಖ ನೆಟ್ಟಗಿಲ್ಲದಿದ್ರೆ ಈಚೆ ಮುಖ ನಾನೆಷ್ಟು ಚಂದ ಮಾಡಿದ್ರೂ ಅರ್ಧ ಗೋಡೆಯೇ" ಅಂದರು. ನನ್ನ ಕಡೆ ಎರಡು ಪದರ ಹಲಗೆ, ನಡುವಿನ ಟೊಳ್ಳಿಗೆಲ್ಲ ಶಬ್ದ ನುಂಗುವ ಉಣ್ಣೆ ತುಂಬುತ್ತಾರೆ. ನಿನ್ನ ಕಡೆಯದನ್ನೂ ಒಟ್ಟಿಗೆ ಮಾಡಿಕೊಡುತ್ತಾರಂತೆ. ಬೇಡವೆಂದರೆ ಬೇಡ, ನಿನ್ನಿಷ್ಟ.

ಆದರೆ ಅಪ್ಪನ ಹಳೇ ಸ್ಟೂಲಿನ ಮೇಲೆ ಹತ್ತಬೇಡ. ಅದರ ಒಂದು ಕಾಲು ಸಡಿಲ. ಇದು ಪ್ರೀತಿಯಿಂದ ಹೇಳಿದ್ದಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳ ಅಭ್ಯಾಸ.

— ತಂಗಿ


ಜೂನ್ ೧೪

ಅರ್ಧ ಗೋಡೆಯ ಒಡತಿಗೆ,

ಬಿಡುವಿಲ್ಲದ ಸಮರ, ತಾಯಿ! ಹಲಗೆಗಳು ಏರಿವೆ. ತಿರುಪುಗಳು ಕೂತಿವೆ, ಕೆಲವು ಕೂತಿಲ್ಲ, ಕೆಲವು ಒಳಗೇ ಮುಳುಗಿ ಕಾಣೆಯಾಗಿವೆ. ಸಂದಿಯ ಮೇಲೆ ಕಾಗದದ ಟೇಪು ಇಟ್ಟು ಪುಟ್ಟಿ ಎಳೆದೆ. ಎಳೆಯುವಾಗ ಏನು ನುಣುಪು! ನಾನೇ ನನಗೆ ಶಾಲು ಹೊದಿಸಿಕೊಳ್ಳುವುದೊಂದು ಬಾಕಿ. ಬೆಳಗ್ಗೆ ಎದ್ದು ನೋಡಿದರೆ ಟೇಪಿನ ಉದ್ದಕ್ಕೂ ಬೊಬ್ಬೆ. ಬಿಸಿ ನೀರು ಬಿದ್ದ ಕೈಯ ಹಾಗೆ!

ಆ ಹೊತ್ತಿಗೇ ಬರಬೇಕೇ ನಿನ್ನ ಮೇಸ್ತ್ರಿ? ಬಾಗಿಲು ತೆರೆದಿತ್ತು, ಇಣುಕಿದರು. ಜೇಬಿನಿಂದ ಟಾರ್ಚ್ ತೆಗೆದು ಗೋಡೆಗೆ ಒತ್ತಿ ಅಡ್ಡಡ್ಡ ಹಿಡಿದರು. ಅಯ್ಯಯ್ಯೋ! ನೆಟ್ಟಗಿದ್ದ ಗೋಡೆ ಆ ಬೆಳಕಿನಲ್ಲಿ ಗುಡ್ಡ ಬೆಟ್ಟ ಹಳ್ಳ ಕೊಳ್ಳ.

"ಟೇಪಿನ ಕೆಳಗೆ ಪುಟ್ಟಿ ಸಾಲದು ಅಕ್ಕಾವ್ರೇ. ಮೇಲೆ ದಪ್ಪ ಮೆತ್ತಿದ್ರೆ ಬರಲ್ಲ. ತೆಳ್ಳಗೆ ಒಂದು ಕೈ, ಒಣಗ್ಬೇಕು, ಇನ್ನೊಂದು ಕೈ, ಮತ್ತೆ ಒಣಗ್ಬೇಕು."

"ಕಾಯುವ ಪಾತ್ರ ನಾನು ಎಂದೂ ಮಾಡಿಲ್ಲ ಮೇಸ್ತ್ರಿ," ಅಂದೆ.

"ಹಂಗಾದ್ರೆ ಉಜ್ಜುವ ಪಾತ್ರ ಮಾಡ್ಬೇಕಾಗ್ತದೆ," ಅಂದರು. ನೋಡಿದೆಯಾ, ನನ್ನ ಮುಂದೆಯೇ ಡೈಲಾಗು!

ಈಗ ಉಜ್ಜುತ್ತಿದ್ದೇನೆ. ಮರಳುಕಾಗದ ಹಿಡಿದು ಬೆಳಗಿನಿಂದ ಬೈಗಿನವರೆಗೆ. ಧೂಳೆಂದರೆ ಧೂಳು! ಹುಬ್ಬು, ರೆಪ್ಪೆ, ಕಿವಿ ಎಲ್ಲ ಬೆಳ್ಳಗೆ. ಮೇಕಪ್ಪಿಲ್ಲದೆ ಮುದುಕಿಯಾಗಿದ್ದೇನೆ ಅಂತ ನಕ್ಕೆ. ಆಮೇಲೆ ಕನ್ನಡಿ ಒರೆಸಿ ನೋಡಿದರೆ, ಧೂಳು ಹೋದ ಮೇಲೂ ಮುದುಕಿಯೇ.

ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೇನೆ, ಬೈಯಬೇಡ. ಕಟ್ಟಿಕೊಂಡರೆ ಹಾಡಲಾಗುವುದಿಲ್ಲ, ಅದಕ್ಕೇ ಆಗಾಗ ಬಿಚ್ಚುತ್ತೇನೆ.

ಶ್ವೇತವರ್ಣದ
ಅಕ್ಕ


ಜೂನ್ ೨೧

ಅಕ್ಕಾ,

ನನ್ನ ಕಡೆಯ ಗೋಡೆ ಮುಗಿದಿದೆ. ಕೈ ಆಡಿಸಿದರೆ ಎಲ್ಲಿ ಸಂದಿ ಅಂತ ಗೊತ್ತಾಗುವುದಿಲ್ಲ. ಆದರೂ ನೀನು ಕೇಳಿಸುತ್ತಿದ್ದೀಯ. ಹಾಡು, ಉಜ್ಜುವ ಸದ್ದು, ಟೇಪಿಗೆ ಬೈಯುವುದು, ಎಲ್ಲವೂ.

ಮೇಸ್ತ್ರಿ ಕಾರಣ ಹುಡುಕಿದರು. ನೀನು ಹಲಗೆಯನ್ನು ಗಿಡ್ಡ ಕತ್ತರಿಸಿದ್ದೀಯ. ನಿನ್ನ ಕಡೆ ನೆಲದ ಉದ್ದಕ್ಕೂ ಅಂಗೈ ಅಗಲ ಬಿಟ್ಟುಹೋಗಿದೆ. ಶಬ್ದ ನೀರಿದ್ದ ಹಾಗಂತೆ, ಅಲ್ಲಿ ನುಗ್ಗಿ ಉಣ್ಣೆಯ ಅಂಚಿನಲ್ಲಿ ಹರಿದು ನನ್ನ ಕಡೆಯ ಸ್ವಿಚ್ಚಿನ ಡಬ್ಬಿಯಿಂದ ಹೊರಗೆ ಬರುತ್ತದಂತೆ. ನುಗ್ಗುವ ಕಡೆಯೇ ಮುಚ್ಚಬೇಕು ಅಂದರು.

ಒಂದು ಮಾತು ಹೇಳುತ್ತೇನೆ, ಇದಕ್ಕೆ ನಾಟಕ ಮಾಡಬೇಡ. ಮೊನ್ನೆ ಕೆಲಸದಲ್ಲಿ ಕಣ್ಣು ಎಳೆಯುತ್ತಿತ್ತು. ಒಬ್ಬರ ರಕ್ತದ ಸೀಸೆಗೆ ಇನ್ನೊಬ್ಬರ ಚೀಟಿ ಅಂಟಿಸಿದ್ದೆ. ಪಕ್ಕದವಳು ನೋಡಿ ಕೈ ಹಿಡಿದಳು. ಹಿಡಿಯದಿದ್ದರೆ ಆ ಮನುಷ್ಯನಿಗೆ ತಪ್ಪು ರಕ್ತ ಏರುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಒಂದೊಂದು ಚೀಟಿಯನ್ನೂ ಮೂರು ಮೂರು ಸಲ ಓದುತ್ತೇನೆ.

ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ. ಆ ಸಂದಿ ಮುಚ್ಚಿಸು.

— ತಂಗಿ


ಜೂನ್ ೨೫

ಇಲಿಮರೀ,

ಮುಚ್ಚಿದೆ.

ಮೇಸ್ತ್ರಿಯನ್ನು ಕರೆಯಲಿಲ್ಲ, ನಾನೇ ಮಾಡಿದೆ. ಆದರೆ ಈ ಸಲ ಅವರು ಹೇಳಿದ ಹಾಗೆ ಮಾಡಿದೆ. ಹಲಗೆಯ ಪಟ್ಟಿ ಕತ್ತರಿಸಿ ಕೂರಿಸಿದೆ, ಹಿಂದೆ ಉಣ್ಣೆ ತುರುಕಿದೆ, ಅಂಚಿಗೆ ರಬ್ಬರಿನಂಥ ಅಂಟು ಎಳೆದೆ. ಟೇಪಿನ ಕೆಳಗೆ ಪುಟ್ಟಿ, ಮೇಲೆ ತೆಳ್ಳಗೆ ಒಂದು ಕೈ. ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಒತ್ತಿ. ಇಡೀ ಗೋಡೆಯಲ್ಲಿ ನೆಟ್ಟಗಿರುವುದು ಅದೊಂದೇ ಪಟ್ಟಿ. ಒಂದು ಬೊಬ್ಬೆಯಿಲ್ಲ! ಟಾರ್ಚ್ ಅಡ್ಡ ಹಿಡಿದು ನೋಡಿದೆ, ನೆರಳೇ ಬೀಳಲಿಲ್ಲ.

ಇವತ್ತು ಬೆಳಗ್ಗೆ ನೀನು ಮಲಗಿದ ಮೇಲೆ ಪರೀಕ್ಷೆಗೆಂದು ಒಂದು ಸಲ, ಒಂದೇ ಸಲ, ಮಗನನ್ನು ಕಳೆದುಕೊಂಡ ರಾಣಿಯ ಗೋಳು ಪೂರ್ತಿ ಎತ್ತರದಲ್ಲಿ ಹೇಳಿದೆ. ಹಿಂದೆಲ್ಲ ಆ ಜಾಗಕ್ಕೆ ಡೇರೆಯ ಹೊರಗೆ ಕಟ್ಟಿದ ಎತ್ತುಗಳೂ ತಲೆ ಎತ್ತುತ್ತಿದ್ದವು. ಕೇಳಿಸಿತೇ?

ರಕ್ತದ ವಿಷಯಕ್ಕೆ ನಾಟಕ ಮಾಡುವುದಿಲ್ಲ. ಓದಿದೆ, ಎದ್ದು ಹೋಗಿ ಹಲಗೆ ಅಳೆದೆ. ಅಷ್ಟೇ.

ಅಕ್ಕ


ಜೂನ್ ೨೮

ಅಕ್ಕಾ,

ಏನೂ ಕೇಳಿಸಲಿಲ್ಲ. ಏನೇನೂ ಇಲ್ಲ. ನೀನು ಬರೆಯದಿದ್ದರೆ ಕೂಗಿದ್ದು ಗೊತ್ತೇ ಆಗುತ್ತಿರಲಿಲ್ಲ.

ಮೂರು ದಿನದಿಂದ ಮಗುವಿನ ಹಾಗೆ ಮಲಗುತ್ತಿದ್ದೇನೆ. ನಿನ್ನೆ ಕೆಲಸಕ್ಕೆ ಹೋದಾಗ ಪಕ್ಕದವಳು, "ಏನೇ, ಮದುವೆ ನಿಶ್ಚಯವಾದ ಮುಖ!" ಅಂದಳು. ಈ ವಯಸ್ಸಿಗೆ!

ನಿದ್ದೆ ಚೆನ್ನಾಗಿ ಆದರೆ ಹಳೆಯದೆಲ್ಲ ನೆನಪಾಗುತ್ತದೆ ಅಂತ ಕಾಣುತ್ತೆ. ಚಿಕ್ಕವರಿದ್ದಾಗ ದೀಪ ಆರಿಸಿದ ಮೇಲೆ ನೀನು ಮಂಚದ ಆ ಕಡೆಯಿಂದ "ಎದ್ದಿದ್ದೀಯೇನೇ?" ಅಂತ ಕೇಳುತ್ತಿದ್ದೆ. ಅಪ್ಪನಿಗೆ ಕೇಳಿಸಬಾರದೆಂದು ನಾನು ಮಾತಾಡದೆ ಮಂಚದ ಹಲಗೆಯನ್ನು ಉಗುರಿನಿಂದ ಗೀರುತ್ತಿದ್ದೆ. ಎದ್ದಿದ್ದೇನೆ ಅಂತ. ಅದಕ್ಕೇ ಅಲ್ಲವಾ ನನಗೆ ಇಲಿಮರಿ ಅಂತ ಹೆಸರಿಟ್ಟದ್ದು. ಮರೆತೇ ಹೋಗಿತ್ತು.

ಮುಂದಿನ ವಾರ ರಜೆ ಇದೆ. ನಿನ್ನ ಕಡೆ ಮುಗಿದಿರಲಿ, ಬಿಡಲಿ, ಚಹಾಕ್ಕೆ ಬಾ. ಮಾತಾಡೋಣ. ಬಾಯಿಂದ.

ಉಳಿದದ್ದು ಛಾವಣಿ ಹತ್ತಿರದ ಮೇಲಿನ ಸಂದಿ ತಾನೇ? ಅದಕ್ಕೆ ಮೇಸ್ತ್ರಿಯನ್ನು ಕರಿ. ಹಟ ಸಾಕು.

ನಿನ್ನ
ಇಲಿಮರಿ


ಜುಲೈ ೧೦

ಅಕ್ಕಾ,

ಒಳಗೆ ಬಿಡುತ್ತಿಲ್ಲ. ಅದೇ ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ನಿನ್ನ ರಕ್ತದ ಸೀಸೆ ನನ್ನ ಮೇಜಿಗೇ ಬರುತ್ತದೆ, ಆದರೆ ನಿನ್ನ ಮಂಚದ ಹತ್ತಿರ ಬಿಡುವುದಿಲ್ಲ. ಗಾಜಿನ ಆಚೆಯಿಂದ ನೋಡುತ್ತೇನೆ. ನರ್ಸಮ್ಮ ಇದನ್ನು ಓದಿ ಹೇಳುತ್ತಾರಂತೆ. ನಿನಗೆ ಕೇಳುತ್ತದೆ, ಆದರೆ ಗಂಟಲಲ್ಲಿ ಉಸಿರಿನ ಕೊಳವೆ ಇರುವ ತನಕ ಮಾತಾಡಲು ಬರುವುದಿಲ್ಲ ಅಂದರು.

ನಿನಗೆ ಎಷ್ಟು ಗೊತ್ತೋ ಇಲ್ಲವೋ, ನಡೆದದ್ದು ಹೇಳುತ್ತೇನೆ. ನಿನ್ನನ್ನು ಚಹಾಕ್ಕೆ ಕರೆದ ರಜೆಗೆ ಇನ್ನೂ ಎರಡು ದಿನವಿತ್ತು, ಅವತ್ತು ಮಧ್ಯಾಹ್ನ ಮೇಸ್ತ್ರಿ ನಿನ್ನ ಬಾಗಿಲು ತಟ್ಟಿದರಂತೆ. ನೀನೇ ಬರಹೇಳಿದ್ದೆಯಂತೆ, "ತಂಗಿಗೆ ಹೇಳ್ಬೇಡಿ ಮೇಸ್ತ್ರಿ, ಮುಗಿದ ಮೇಲೆ ನಾನೇ ಮಾಡಿದ್ದು ಅಂತ ತೋರಿಸ್ಬೇಕು" ಅಂದಿದ್ದೆಯಂತೆ. ಬಾಗಿಲು ತೆಗೆಯಲಿಲ್ಲ. ಕಾಗದ ತೂರುವ ಸಂದಿಯಲ್ಲಿ ಬಗ್ಗಿ ನೋಡಿದರೆ ಮಗುಚಿದ ಸ್ಟೂಲು ಕಂಡಿತಂತೆ. ಆಮೇಲೆ ನಿನ್ನ ಪಾದ.

ಚಿಲಕ ಮುರಿದು, ನಿನ್ನನ್ನು ನೋಡಿ, ಓಡಿ ಬಂದು ನನ್ನ ಬಾಗಿಲು ಬಡಿದರು. ನಾನು ನಿದ್ದೆಗಣ್ಣಿನಲ್ಲಿ ಬಂದು ಅಂದ ಮೊದಲ ಮಾತು, "ಯಾಕ್ರೀ ನಿದ್ದೆ ಹಾಳು ಮಾಡ್ತೀರಿ?"

ಅದನ್ನೇ ಅಂದೆ ಅಕ್ಕಾ.

ಹಿಂದಿನ ದಿನ ಬೆಳಗ್ಗೆಯೇ ಬಿದ್ದಿರಬೇಕು ಅನ್ನುತ್ತಾರೆ ವೈದ್ಯರು. ಸೊಂಟದ ಮೂಳೆ ಎರಡು ಕಡೆ ಮುರಿದಿದೆ. ಮೈಯಲ್ಲಿ ನೀರಿರಲಿಲ್ಲ, ಶ್ವಾಸಕೋಶದ ತುಂಬ ಬಿಳಿ ಧೂಳು. ಫೋನು ಕಿಟಕಿಯ ಮೇಲೇ ಇತ್ತು. ಅಷ್ಟರಲ್ಲಿ ನಾನು ಒಂದು ಸಲ ಮಲಗಿ ಎದ್ದು, ತಲೆ ಬಾಚಿಕೊಂಡು, ನಿನ್ನ ಬಾಗಿಲ ಮುಂದೆಯೇ ಇಳಿದು ಕೆಲಸಕ್ಕೆ ಹೋಗಿ, ವಾಪಸು ಬಂದು, ಮತ್ತೆ ಮಲಗಿದ್ದೆ. ಗೋಡೆಯ ಈಚೆ.

ಒಂದು ಕೇಳುತ್ತೇನೆ. ಕೈಗೆ ಪೆನ್ನು ಹಿಡಿಯುವ ಶಕ್ತಿ ಬಂದಾಗ ಹೇಳು. ನನ್ನನ್ನು ಕೂಗಿದೆಯಾ?

ಇಲಿಮರಿ


ಜುಲೈ ೧೬

ಇಲಿಮರೀ,

ನರ್ಸಮ್ಮನ ಪೆನ್ನು. ಕೈ ಓಲಾಡುತ್ತದೆ.

ಕೂಗಲಿಲ್ಲ. ಬಿದ್ದೆ, ತಲೆಗೆ ಪೆಟ್ಟು, ಕತ್ತಲೆ. ಕಣ್ಣು ಬಿಟ್ಟಾಗ ಮೇಸ್ತ್ರಿಯ ಮೀಸೆ. ನಡುವೆ ಏನೂ ಇಲ್ಲ. ಪರದೆ ಬಿದ್ದು ಪರದೆ ಎದ್ದ ಹಾಗೆ.

ಮೇಸ್ತ್ರಿ ಬರುತ್ತಾರೆಂದೇ ಹತ್ತಿದ್ದು. ಆ ಮೇಲಿನ ಸಂದಿಯ ಗುಡ್ಡ ಬೆಟ್ಟ ಅವರ ಟಾರ್ಚಿಗೆ ಸಿಗಬಾರದೆಂದು. ಕೆಲಸದವರು ಬರುವ ಮೊದಲು ಮನೆ ಗುಡಿಸುವ ಜಾತಿ ನಮ್ಮದು! ಅಮ್ಮನೂ ಹಾಗೇ ಇದ್ದಳಲ್ಲ. ಸ್ವಲ್ಪ ಉಜ್ಜಿ ಮಾನ ಉಳಿಸಿಕೊಳ್ಳೋಣ ಅಂತ ಹತ್ತಿದೆ. ಸ್ಟೂಲಿನ ಕಾಲು ಕೈಕೊಟ್ಟಿತು, ನೀನು ಹೇಳಿದ್ದೇ.

ಊಟ ಮಾಡು. ಗಾಜಿನ ಆಚೆ ನಿಂತು ಅಳಬೇಡ, ಇಲ್ಲಿಂದ ನಿನ್ನ ಮೂಗು ಬಹಳ ದೊಡ್ಡದಾಗಿ ಕಾಣುತ್ತದೆ.

ಅಕ್ಕ


ಜುಲೈ ೩೦

ಅಕ್ಕಾ,

ಕೊಳವೆ ತೆಗೆದ ದಿನ ನಾನು ಬಂದಾಗ ನೀನು ಬಾಯಿ ತೆರೆದೆ, ಆಮೇಲೆ ಗೋಡೆ ಕಡೆ ಮುಖ ತಿರುಗಿಸಿದೆ. ಅವತ್ತಿನಿಂದ ನಾನು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಧೂಳು, ಕೊಳವೆ ಎಲ್ಲ ಸೇರಿ ಗಂಟಲಿನ ಸ್ವರದ ತಂತಿ ಎರಡೂ ಹೋಗಿವೆ. ಉಸಿರಿನಲ್ಲಿ ಪಿಸುಗುಟ್ಟಬಹುದು, ಅದಕ್ಕಿಂತ ಹೆಚ್ಚಿಗೆ ಬರುವುದಿಲ್ಲ.

ನಾನು ಅವತ್ತು ಏನು ಅಂದಿದ್ದೆ ಅಂತ ಇಬ್ಬರಿಗೂ ನೆನಪಿದೆ. ಬರೆಯುವುದಿಲ್ಲ.

ನಿನ್ನೆ ನಿನ್ನ ಕಡೆಗೆ ಹೋದೆ, ಬಟ್ಟೆ ತರೋಣ ಅಂತ. ಎಲ್ಲದರ ಮೇಲೂ ಧೂಳು, ಗುಡಿಸಲು ಕೂತೆ. ಕೂತಾಗ ಕೆಳಗಿನ ಪಟ್ಟಿ ಕಣ್ಣಿಗೆ ಬಿತ್ತು. ಬಿದ್ದ ದಿನ ಬೆಳಗ್ಗೆ ಸ್ಟೂಲು ಹತ್ತುವ ಮೊದಲು ನೀನು ಆ ಪಟ್ಟಿಗೆ ಎರಡನೇ ಕೈ ಎಳೆದಿದ್ದೀಯ ಅಲ್ಲವಾ? ಹಸಿಯಿತ್ತು ಅಲ್ಲವಾ?

ಟಾರ್ಚ್ ಅಡ್ಡ ಹಿಡಿದೆ. ಪಟ್ಟಿಯ ಉದ್ದಕ್ಕೂ ಬೆರಳ ಗಂಟಿನ ಗುಳಿಗಳು. ಮೊದಲ ಕಡೆ ಆಳವಾಗಿವೆ. ಹೋಗ್ತಾ ಹೋಗ್ತಾ ಆಳ ಕಡಿಮೆ. ಕೊನೆಯಲ್ಲಿ ಬರೀ ಗೀರು. ಎಲ್ಲ ಹಾಗೇ ಒಣಗಿ ನಿಂತಿದೆ.

ನೀನು ಹಿಂದಕ್ಕೆ ಬಿದ್ದ ಜಾಗ ಅಲ್ಲಿಗೆ ಒಂದು ಮಾರು ದೂರ, ನೆಲದ ಧೂಳಿನಲ್ಲಿ ತೆವಳಿದ ಗುರುತಿದೆ. ಆ ಸೊಂಟ ಎಳೆದುಕೊಂಡು ಗೋಡೆಯವರೆಗೆ ಬಂದಿದ್ದೀಯ. ಬಾಗಿಲ ಕಡೆಗಲ್ಲ. ನನ್ನ ಕಡೆಗೆ.

ಮೇಸ್ತ್ರಿ ಬಂದು, "ಉಜ್ಜಿ ಬಣ್ಣ ಹೊಡೆದು ಮುಗಿಸಿಬಿಡ್ಲಾ ಅಮ್ಮಾ?" ಅಂದರು. ಬೇಡ ಅಂದೆ. ಅವರೂ ನೋಡಿದರು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೋದರು. ಆ ಗೋಡೆಯನ್ನು ಯಾರೂ ಮುಗಿಸುವುದಿಲ್ಲ. ಅದು ಹಾಗೇ ಇರಲಿ. ದಿನಾ ನೋಡುತ್ತೇನೆ.

ಈಗ ನಿದ್ದೆ ಬರುವುದಿಲ್ಲ ಅಕ್ಕಾ. ಮನೆಯಲ್ಲಿ ಒಂದು ಸದ್ದಿಲ್ಲ.

ಇಲಿಮರಿ


ಆಗಸ್ಟ್ ೮

ಇಲಿಮರೀ,

ಒಂಬತ್ತು ದಿನ ಯೋಚಿಸಿ ಬರೆಯುತ್ತಿದ್ದೇನೆ, ಗಮನವಿಟ್ಟು ಓದು.

ಮೊದಲನೆಯದು. ಅದೇನು ದೇವರ ಪಾದವಲ್ಲ, ಬರೀ ಪುಟ್ಟಿ. ದಿನಾ ನೋಡುತ್ತೀಯಂತೆ! ಮನೆಯಲ್ಲಿ ದುಃಖಪಾತ್ರ ನನ್ನದು, ಅದನ್ನೂ ಕಸಿಯಬೇಡ. ಮುಚ್ಚು. ಮೇಸ್ತ್ರಿ ಬೇಡ, ನೀನೇ ಮುಚ್ಚು. ನುರಿತ ಕೈ ಒಂದು ಎಳೆತಕ್ಕೆ ಅಳಿಸಿಬಿಡುತ್ತದೆ. ನಿನಗೆ ಬರುವುದಿಲ್ಲ, ಹೊತ್ತು ಹಿಡಿಯುತ್ತದೆ, ಹಿಡಿಯಲಿ. ತೆಳ್ಳಗೆ ಒಂದು ಕೈ, ಒಣಗಲಿ. ಇನ್ನೊಂದು ಕೈ, ಒಣಗಲಿ. ಅವಸರ ಬೇಡ. ಉಜ್ಜುವಾಗ ಬಾಯಿಗೆ ಬಟ್ಟೆ ಕಟ್ಟು, ಬಿಚ್ಚಬೇಡ.

ಎರಡನೆಯದಕ್ಕೆ ಮೇಸ್ತ್ರಿಯನ್ನೇ ಕರಿ. ಗೋಡೆಯ ನಡುವೆ ಬಾಗಿಲು ಕೊಯ್ಯಲಿ. ಅದು ನಮ್ಮಿಬ್ಬರ ಕೈಲೂ ಆಗುವ ಕೆಲಸವಲ್ಲ. ಈ ತಿಂಗಳ ಕೊನೆಗೆ ಕಳಿಸುತ್ತಾರಂತೆ, ಗಾಲಿ ಕುರ್ಚಿಯಲ್ಲಿ. ಅದು ಹಿಡಿಸುವಷ್ಟು ಅಗಲವಿರಲಿ. ನೀನು ಹಗಲು ಮಲಗು, ಬಾಗಿಲು ತೆರೆದಿಟ್ಟೇ ಮಲಗು. ಹೆದರಬೇಡ, ಇನ್ನು ನಿನ್ನ ನಿದ್ದೆ ಕೆಡಿಸುವಂಥದ್ದು ನನ್ನ ಹತ್ತಿರ ಏನೂ ಉಳಿದಿಲ್ಲ. ಅಷ್ಟು ಬೇಕೇ ಬೇಕೆನ್ನಿಸಿದರೆ ಚಮಚದಲ್ಲಿ ತಟ್ಟೆ ಬಡಿಯುತ್ತೇನೆ.

ಮೂರನೆಯದು, ನೀನು ಕೇಳಿದ್ದು. ಸುಳ್ಳು ಹೇಳಿದ್ದೆ. ನಟಿ ನಾನು, ಆದರೆ ಗೋಡೆ ನನ್ನ ಪರವಾಗಿ ಸುಳ್ಳು ಹೇಳಲಿಲ್ಲ.

ಕೂಗಿದೆ. ನಲವತ್ತು ವರ್ಷದ ಮಾತು, ರಾಣಿಯದು, ತಾಯಿಯದು, ಹುಚ್ಚಿಯದು, ಒಂದೂ ಬಾಯಿಗೆ ಬರಲಿಲ್ಲ ಕಣೇ. "ಎದ್ದಿದ್ದೀಯೇನೇ?" ಅಂತಷ್ಟೇ ಕೂಗಿದೆ. ಗಂಟಲು ಇರುವಷ್ಟು ಹೊತ್ತು ಕೂಗಿದೆ, ಆಮೇಲೆ ಗುದ್ದಿದೆ. ನಾನೇ ಮುಚ್ಚಿದ ಪಟ್ಟಿ, ಎಷ್ಟು ಚೆನ್ನಾಗಿ ಮುಚ್ಚಿದ್ದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಕಿವಿ ಇಟ್ಟುಕೊಂಡೇ ಇದ್ದೆ.

ಒಂದು ಸಲ ಗೀರಿದ ಸದ್ದು ಕೇಳಿಸಿತು. ಎದ್ದಳು ಅಂತ ಎಷ್ಟು ಸಂತೋಷವಾಯಿತು ಗೊತ್ತಾ. ಆಮೇಲೆ ನೋಡಿದರೆ, ನನ್ನದೇ ಉಗುರು.

ಅಕ್ಕ